ಮುಟ್ಟುವ ಮುನ್ನ ಒಂದು ಮಾತು

ಬಸುರಿ ಹೆಂಗಸಿನ ಹೊಟ್ಟೆಯ ಮೇಲೆ ಕೈ ಇಡುವ ಮುನ್ನ ಅವಳನ್ನು ಒಂದು ಮಾತು ಕೇಳಬೇಕು, ಬೇಡವೆಂದರೆ ಮುನಿಸಿಕೊಳ್ಳದೆ ಕೈ ಹಿಂದೆಗೆದುಕೊಳ್ಳಬೇಕು. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇಷ್ಟೇ. ಆದರೂ ಇದನ್ನು ವಿವರವಾಗಿ ಬರೆಯಬೇಕೆನಿಸಿದ್ದು, ನಮ್ಮ ಕೆಳಗಿನ ಮನೆಗೆ ಚೊಚ್ಚಲ ಹೆರಿಗೆಗೆಂದು ಬಂದಿರುವ ಹುಡುಗಿ ಮೊನ್ನೆ, "ಅಕ್ಕಾ, ಸಂಜೆ ವಾಕಿಂಗ್ ಹೋಗೋದನ್ನೇ ಬಿಟ್ಟುಬಿಟ್ಟೆ, ದಾರೀಲಿ ಸಿಕ್ಕೋರೆಲ್ಲ ಹೊಟ್ಟೆ ಮುಟ್ತಾರೆ" ಎಂದು ಹೇಳಿದ ಮೇಲೆ. ದಿನವೂ ಸ್ವಲ್ಪ ಹೊತ್ತು ನಡೆಯಬೇಕು ಎಂದು ವೈದ್ಯರು ಹೇಳಿ ಕಳುಹಿಸಿರುವ ಹೆಣ್ಣುಮಗಳು ಜನರ ಕೈಗಳಿಗೆ ಅಂಜಿ ಮನೆಯೊಳಗೆ ಕೂರುವಂತಾಗಿದೆ ಎಂದರೆ ಅದನ್ನು ಸಣ್ಣ ಸಂಗತಿಯೆಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ನನ್ನ ಮಗಳು ಹೊಟ್ಟೆಯಲ್ಲಿದ್ದಾಗ ನಾನು ವಿಜಯನಗರದಿಂದ ಮೆಟ್ರೋದಲ್ಲಿ ಮೆಜೆಸ್ಟಿಕ್ಕಿಗೆ, ಅಲ್ಲಿಂದ ಬಿಎಂಟಿಸಿ ಬಸ್ಸಿನಲ್ಲಿ ಕೆಲಸದ ಜಾಗಕ್ಕೆ ಹೋಗಿಬರುತ್ತಿದ್ದೆ. ಐದನೆಯ ತಿಂಗಳು ತುಂಬಿ ಹೊಟ್ಟೆ ಎದ್ದು ಕಾಣುವವರೆಗೆ ನಾನು ಈ ನಗರದ ಎಲ್ಲರಂತೆ ಯಾರ ಕಣ್ಣಿಗೂ ಬೀಳದೆ ಓಡಾಡಿಕೊಂಡಿದ್ದೆ. ಆಮೇಲೆ ಇದ್ದಕ್ಕಿದ್ದಂತೆ ನನ್ನ ದೇಹ ನನ್ನೊಬ್ಬಳದೇ ಆಗಿ ಉಳಿಯಲಿಲ್ಲ. ತರಕಾರಿ ಅಂಗಡಿಯಲ್ಲಿ ಪಕ್ಕಕ್ಕೆ ನಿಂತ ಹೆಂಗಸು ಹೆಸರನ್ನೂ ಕೇಳದೆ ಹೊಟ್ಟೆಯ ಮೇಲೆ ಅಂಗೈ ಇಟ್ಟು, "ಎಷ್ಟು ತಿಂಗಳು?" ಎನ್ನುತ್ತಿದ್ದರು. ಲಿಫ್ಟಿನಲ್ಲಿ ಸಿಕ್ಕ ಹಿರಿಯರು ಕಲ್ಲಂಗಡಿ ಹಣ್ಣನ್ನು ತಟ್ಟಿ ನೋಡುವ ಹಾಗೆ ತಟ್ಟಿ, "ಇನ್ನೇನು ಆಯ್ತು ಬಿಡಮ್ಮ" ಎಂದು ಅಭಯ ಕೊಡುತ್ತಿದ್ದರು. ಮದುವೆ ಮನೆಗಳಲ್ಲಂತೂ ಒಬ್ಬರ ಕೈ ತೆಗೆಯುವಷ್ಟರಲ್ಲಿ ಇನ್ನೊಬ್ಬರ ಕೈ ಬಂದಿರುತ್ತಿತ್ತು. ಮಗು ಒದೆಯುತ್ತದೆಯೇ ಎಂದು ನೋಡಲು ಅವರು ಕಾಯುತ್ತಿದ್ದರು, ನಾನು ಉಸಿರು ಬಿಗಿಹಿಡಿದು ಅವರ ಕೈ ಸರಿಯಲೆಂದು ಕಾಯುತ್ತಿದ್ದೆ.

ಇವರಲ್ಲಿ ಹೆಚ್ಚಿನವರು ಕೆಟ್ಟವರಲ್ಲ, ಅವರ ಮುಖದಲ್ಲಿ ನಿಜವಾದ ಸಂತೋಷವಿರುತ್ತಿತ್ತು. ಅದನ್ನು ನಾನು ಕಂಡಿದ್ದೇನೆ, ಅಲ್ಲಗಳೆಯುವುದಿಲ್ಲ. ಆದರೆ ಮುಟ್ಟುವವರ ಮನಸ್ಸು ಒಳ್ಳೆಯದು ಎಂಬುದರಿಂದ ಮುಟ್ಟಿಸಿಕೊಂಡವಳಿಗೆ ಆಗುವ ಇರಿಸುಮುರಿಸು ಕಡಿಮೆಯಾಗುವುದಿಲ್ಲ. ಹೊಟ್ಟೆಯೆಂಬುದು ಅಂಗೈಯಲ್ಲ, ಭುಜವಲ್ಲ. ಬೇರೆ ಯಾವ ಕಾಲದಲ್ಲಿಯೂ ಅಪರಿಚಿತರು ಅಲ್ಲಿ ಕೈಯಿಡಲು ಸಂಕೋಚಪಡುತ್ತಾರೆ. ಬಸುರಿನಲ್ಲಿ ಆ ಭಾಗದ ಚರ್ಮ ಬಿಗಿದು, ತುರಿಸಿ, ಕೆಲವೊಮ್ಮೆ ಸೆರಗು ಸೋಕಿದರೂ ಸಹಿಸಲಾಗದಂತಿರುತ್ತದೆ. ಒಳಗಿರುವ ಜೀವದ ಬಗ್ಗೆ ತಾಯಿಗೆ ಹಗಲಿರುಳೂ ಕಾಡುವ ಎಚ್ಚರವೊಂದಿರುತ್ತದೆ. ಅಂಥ ಹೊತ್ತಿನಲ್ಲಿಯೇ ಆ ಸಂಕೋಚವನ್ನು ಎಲ್ಲರೂ ಮರೆತುಬಿಡುತ್ತಾರೆ.

ಕೈಗಳಿಗಿಂತ ಹೆಚ್ಚು ದಿನ ಉಳಿಯುವುದು ಮಾತು. ನನ್ನ ಮೊದಲನೆಯ ಬಸುರು ನಿಂತಿರಲಿಲ್ಲ. ಗೊತ್ತಾದ ಬಸುರುಗಳಲ್ಲಿ ನೂರಕ್ಕೆ 10ರಿಂದ 15 ಹೀಗೆ, ಬಹುಪಾಲು ಮೊದಲ ಮೂರು ತಿಂಗಳಲ್ಲಿಯೇ ಇಳಿದುಹೋಗುತ್ತವೆ ಎಂದು ವೈದ್ಯರು ಆಗ ವಿವರಿಸಿದ್ದರು. ಅಂದರೆ ಬಸ್ಸಿನಲ್ಲಿ, ಬ್ಯಾಂಕಿನ ಸಾಲಿನಲ್ಲಿ, ದೇವಸ್ಥಾನದಲ್ಲಿ ನಮ್ಮ ಪಕ್ಕದಲ್ಲಿ ನಿಂತ ಬಸುರಿಯರಲ್ಲಿ ಇಂಥ ನೋವನ್ನು ಹೊತ್ತುಕೊಂಡೇ ಬಂದವರು ಇದ್ದೇ ಇರುತ್ತಾರೆ, ಆದರೆ ಅದು ಅವರ ಮುಖದ ಮೇಲೆ ಬರೆದಿರುವುದಿಲ್ಲ. "ಇದು ಮೊದಲನೇದಾ?" ಎಂದು ಯಾರಾದರೂ ಕೇಳಿದಾಗ ನನಗೆ ಹೌದೆನ್ನಲೂ ಆಗುತ್ತಿರಲಿಲ್ಲ, ಇಲ್ಲವೆನ್ನಲೂ ಆಗುತ್ತಿರಲಿಲ್ಲ. ಏಳನೆಯ ತಿಂಗಳಲ್ಲಿ ಬಸ್ಸಿನಲ್ಲಿ ಎದುರಿಗೆ ಕುಳಿತಿದ್ದ ಮಹಿಳೆಯೊಬ್ಬರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಏಳು ತಿಂಗಳಾ? ಹೊಟ್ಟೆ ಇಷ್ಟೇನಾ? ಮಗು ಸರಿಯಾಗಿ ಬೆಳೀತಿದೆಯಾ ತೋರಿಸಿಕೊಂಡ್ರಾ?" ಎಂದರು. ಅವರು ಮುಂದಿನ ನಿಲ್ದಾಣದಲ್ಲಿ ಇಳಿದು ಹೋದರು. ಆ ಮಾತು ನನ್ನ ಜೊತೆಗೆ ಮನೆಗೆ ಬಂತು. ರಾತ್ರಿಯೆಲ್ಲ ಎಡಮಗ್ಗುಲಿಗೆ ಮಲಗಿ ಮಗುವಿನ ಒದೆತಗಳಿಗಾಗಿ ಕಾದೆ, ಬೆಳಗಾಗುತ್ತಲೇ ಗಂಡನನ್ನು ಎಬ್ಬಿಸಿ ಆಸ್ಪತ್ರೆಗೆ ಹೊರಡಿಸಿದೆ.

ಎಲ್ಲವೂ ಸರಿಯಾಗಿತ್ತು. ಆ ದಿನ ನನ್ನನ್ನು ನೋಡಿದ ನರ್ಸ್ ಅಕ್ಕನನ್ನು ನಾನು ಇಂದಿಗೂ ನೆನೆಯುತ್ತೇನೆ. ಅವರು ಎರಡೂ ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡು, "ಈಗ ಹೊಟ್ಟೆ ಮುಟ್ತೀನಿ ಕಣಮ್ಮ, ನೋವಾದ್ರೆ ಹೇಳು" ಎಂದ ಮೇಲೆಯೇ ಕೈಯಿಟ್ಟರು. ಮೊದಲು ಮೇಲ್ಭಾಗವನ್ನು, ಆಮೇಲೆ ಎರಡೂ ಪಕ್ಕಗಳನ್ನು, ಕೊನೆಗೆ ಕೆಳಗೆ ಮಗುವಿನ ತಲೆ ಎಲ್ಲಿದೆ ಎಂಬುದನ್ನು ಬೆರಳುಗಳಿಂದಲೇ ಗುರುತಿಸಿ, ಪ್ರತಿ ಹಂತದಲ್ಲಿಯೂ ಏನು ಮಾಡುತ್ತಿದ್ದಾರೆಂದು ಹೇಳಿದರು. ಟೇಪು ಹಿಡಿದು ಹೊಟ್ಟೆಯ ಕೆಳಗಿನ ಎಲುಬಿನಿಂದ ಗರ್ಭಕೋಶದ ಮೇಲ್ತುದಿಯವರೆಗೆ ಅಳೆದು ತಾಯಿ ಕಾರ್ಡಿನಲ್ಲಿ ಬರೆದುಕೊಂಡರು. ಸುಮಾರು 20 ವಾರದ ಹೊತ್ತಿಗೆ ಗರ್ಭಕೋಶದ ತುದಿ ಹೊಕ್ಕುಳಿನ ಮಟ್ಟಕ್ಕೆ ಬರುತ್ತದೆ, ಆನಂತರ ಈ ಅಳತೆಯ ಸೆಂಟಿಮೀಟರುಗಳು ಹೆಚ್ಚುಕಡಿಮೆ ವಾರಗಳ ಲೆಕ್ಕಕ್ಕೆ ಹೊಂದುತ್ತವೆ, ಒಂದೆರಡು ಸೆಂಟಿಮೀಟರು ಆಚೀಚೆಯಾದರೆ ಹೆದರಬೇಕಾಗಿಲ್ಲ ಎಂದು ತಿಳಿಸಿಕೊಟ್ಟವರು ಅವರೇ. ಹೊರಗಿನಿಂದ ನೋಡಿದಾಗ ಹೊಟ್ಟೆ ದೊಡ್ಡದೋ ಚಿಕ್ಕದೋ ಎಂಬುದು ತಾಯಿಯ ಎತ್ತರ, ಹೊಟ್ಟೆಯ ಸ್ನಾಯುಗಳ ಬಿಗಿ, ಮಗು ಮಲಗಿರುವ ಭಂಗಿ, ಇದು ಎಷ್ಟನೆಯ ಬಸುರು ಎಂಬುದರ ಮೇಲೆಲ್ಲ ನಿಂತಿರುತ್ತದೆ. ಬಸ್ಸಿನ ಸೀಟಿನಿಂದ ಅದನ್ನು ಅಳೆಯಲು ಯಾರಿಂದಲೂ ಆಗದು.

ನನ್ನ ಹೊಟ್ಟೆಯನ್ನು ಮುಟ್ಟಲು ಎಲ್ಲರಿಗಿಂತ ಹೆಚ್ಚು ಕಾರಣವಿದ್ದದ್ದು ಆ ನರ್ಸಿಗೆ. ಮುಟ್ಟುವ ಮೊದಲು ಹೇಳಿದ್ದೂ ಅವರೇ.

ಇದು ಆಸ್ಪತ್ರೆಯವರು ಹೊಸದಾಗಿ ಕಲಿತುಬಂದ ಶಿಷ್ಟಾಚಾರವೆಂದು ಯಾರೂ ತಿಳಿಯಬೇಕಾಗಿಲ್ಲ. ನಮ್ಮ ಹಳ್ಳಿಗಳ ಸೂಲಗಿತ್ತಿಯರಲ್ಲಿಯೂ ಈ ನಡತೆಯಿತ್ತು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಒಂದು ಪೈಸೆಯನ್ನೂ ಬೇಡದೆ 15 ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಹೊಟ್ಟೆಯ ಮೇಲೆ ಕೈಯಾಡಿಸಿ ಮಗುವಿನ ಇರವನ್ನು ಹೇಳಬಲ್ಲ ಅಂಥ ತಾಯಂದಿರು ಕರೆದ ಮನೆಗೆ ಹೋಗುತ್ತಿದ್ದರು, ಕೈಕಾಲು ತೊಳೆದು ಒಳಗೆ ಬರುತ್ತಿದ್ದರು. ಬಸುರಿಯ ತಾಯಿಯೋ ಅಜ್ಜಿಯೋ ಪಕ್ಕದಲ್ಲಿ ಕುಳಿತಿರುತ್ತಿದ್ದರು. ದಾವಣಗೆರೆಯ ಹತ್ತಿರದ ನಮ್ಮೂರಿನಲ್ಲಿ ನನ್ನ ಅಜ್ಜಿಯ ಹೆರಿಗೆಗಳೆಲ್ಲ ಹಾಗೆಯೇ ಆದವು. ಈಗ ಕರ್ನಾಟಕದ ಹೆರಿಗೆಗಳಲ್ಲಿ ನೂರಕ್ಕೆ 97 ಆಸ್ಪತ್ರೆಗಳಲ್ಲಿ ಆಗುತ್ತಿವೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ, ಇದರಿಂದ ಉಳಿದಿರುವ ಜೀವಗಳನ್ನು ನೆನೆದರೆ ಇದು ಬಹಳ ಒಳ್ಳೆಯ ಬದಲಾವಣೆ. ಆದರೆ ಮುಟ್ಟಿ ತಿಳಿಯಬಲ್ಲವರು ಊರಿನಿಂದ ಕಣ್ಮರೆಯಾದ ಮೇಲೆಯೂ ಮುಟ್ಟುವ ಅಭ್ಯಾಸವೊಂದು ಊರಿನಲ್ಲಿಯೇ ಉಳಿದುಕೊಂಡಿತು. ತಿಳಿವಳಿಕೆಯಿಲ್ಲದೆ, ಕರೆಯಿಲ್ಲದೆ ಬರುವ ಕೈಯನ್ನು ಪರಂಪರೆಯ ಹೆಸರಿನಲ್ಲಿ ಸಮರ್ಥಿಸುವುದು ಆ ಸೂಲಗಿತ್ತಿಯರಿಗೆ ಸಲ್ಲಿಸುವ ಗೌರವವಾಗಲಾರದು.

ಇನ್ನು ಗಂಡೋ ಹೆಣ್ಣೋ ಎಂಬ ಮಾತು. ನಾನು ಅತ್ಯಂತ ಹೆಚ್ಚು ಸಿಟ್ಟಾಗಿರುವುದು ಇದರ ಮೇಲೆ, ಆದ್ದರಿಂದ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ. ಸ್ಕ್ಯಾನಿಂಗ್ ಕೊಠಡಿಯ ಗೋಡೆಯ ಮೇಲೆ, ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ, ಅದು ಕಾನೂನಿನ ಪ್ರಕಾರ ಅಪರಾಧ ಎಂಬ ಫಲಕವಿರುವುದನ್ನು ಎಲ್ಲರೂ ನೋಡಿರುತ್ತೀರಿ. 1994ರ ಆ ಕಾಯ್ದೆಯ ಪ್ರಕಾರ ವೈದ್ಯರು ಭ್ರೂಣದ ಲಿಂಗವನ್ನು ಮಾತಿನಿಂದಾಗಲಿ, ಸನ್ನೆಯಿಂದಾಗಲಿ, ಬೇರಾವ ರೀತಿಯಿಂದಾಗಲಿ ಬಸುರಿಗೆ ಅಥವಾ ಅವಳ ಮನೆಯವರಿಗೆ ತಿಳಿಸುವಂತಿಲ್ಲ. ಮೊದಲ ಬಾರಿ ತಪ್ಪಿದರೂ 3 ವರ್ಷದವರೆಗೆ ಸೆರೆವಾಸ, 10 ಸಾವಿರ ರೂಪಾಯಿಯವರೆಗೆ ದಂಡ. ಯಂತ್ರದ ಪರದೆಯ ಮೇಲೆ ಕಣ್ಣಾರೆ ಕಾಣಬಲ್ಲವರ ಬಾಯಿಗೆ ಕಾನೂನು ಬೀಗ ಹಾಕಿದೆ. ಅದೇ ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕುಳಿತವರು, "ಹೊಟ್ಟೆ ಮುಂದಕ್ಕೆ ಚೂಪಾಗಿದೆ, ಗಂಡೇ", "ಅಗಲಕ್ಕೆ ಹರಡಿದೆ, ಹೆಣ್ಣು", "ಮುಖದ ಕಳೆ ಹೋಗಿದೆ ನೋಡು, ಹೆಣ್ಣುಮಗುವೇ ತಾಯಿಯ ಚೆಲುವನ್ನ ತಗೊಳ್ಳೋದು" ಎಂದು ಸಲೀಸಾಗಿ ತೀರ್ಪು ಕೊಡುತ್ತಾರೆ. ಈ ಮಾತುಗಳಲ್ಲಿ ಒಂದಕ್ಕೂ ಆಧಾರವಿಲ್ಲ. ಮಗುವಿನ ಲಿಂಗ ತಂದೆಯಿಂದ ಬರುವ ವರ್ಣತಂತುವಿನಿಂದ ಗರ್ಭ ಕಟ್ಟಿದ ಗಳಿಗೆಯಲ್ಲೇ ತೀರ್ಮಾನವಾಗಿರುತ್ತದೆ. ಹೊಟ್ಟೆಯ ಆಕಾರಕ್ಕೂ ಅದಕ್ಕೂ ಸಂಬಂಧವಿಲ್ಲ.

ಆಧಾರವಿಲ್ಲದ ಮಾತಾದರೆ ಕೇಳಿ ಬಿಟ್ಟರಾಯಿತಲ್ಲ ಎನ್ನುವವರಿದ್ದಾರೆ. ಮೊದಲನೆಯದು ಹೆಣ್ಣಾಗಿ, ಎರಡನೆಯ ಬಸುರಿನಲ್ಲಿರುವ ಸೊಸೆಯ ಜಾಗದಲ್ಲಿ ನಿಂತು ಆ ಮಾತನ್ನು ಕೇಳಿಸಿಕೊಳ್ಳಬೇಕು. ನನ್ನ ಸಹೋದ್ಯೋಗಿಯೊಬ್ಬರಿಗೆ ಅಂಗಡಿ, ದೇವಸ್ಥಾನ, ಶಾಲೆಯ ಗೇಟು ಎಲ್ಲೆಡೆಯೂ ಕೇಳಿಬಂದದ್ದು ಒಂದೇ: "ಮೊದಲನೇದು ಏನು? ಹೆಣ್ಣಾ? ಹೋಗಲಿ, ಇದಾದ್ರೂ ಗಂಡಾಗಲಿ ಬಿಡಿ." ಅವರ ಬೆರಳು ಹಿಡಿದು ನಿಂತಿದ್ದ ನಾಲ್ಕು ವರ್ಷದ ಹುಡುಗಿ ಅದನ್ನು ಅಷ್ಟೂ ಸಲ ಕೇಳಿಸಿಕೊಂಡಿತು. ಹಾರೈಕೆಯ ರೂಪದಲ್ಲಿ ಬರುವುದರಿಂದ ಈ ಮಾತಿಗೆ ಎದುರಾಡುವುದೂ ಕಷ್ಟ. 2011ರ ಜನಗಣತಿಯಲ್ಲಿ ನಮ್ಮ ರಾಜ್ಯದ ಆರು ವರ್ಷದೊಳಗಿನ ಮಕ್ಕಳಲ್ಲಿ ಸಾವಿರ ಗಂಡುಮಕ್ಕಳಿಗೆ 948 ಹೆಣ್ಣುಮಕ್ಕಳಿದ್ದರು. 2023ರ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟುಕೊಂಡು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲ ಬಯಲಾದಾಗ ರಾಜ್ಯವೆಲ್ಲ ಬೆಚ್ಚಿತು. ಹಣ ಕೊಟ್ಟು ಕಬ್ಬಿನ ಗದ್ದೆಗಳ ನಡುವಿನ ಆ ಆಲೆಮನೆಯವರೆಗೆ ಹೋದವರಿಗೆ ಆ ಹಂಬಲ ಎಲ್ಲೋ ಒಂದೇ ಕಡೆಯಿಂದ ಬಂದದ್ದಲ್ಲ. ಬೀದಿಯ ಜನ ಪ್ರತಿದಿನ ಬಸುರಿಯ ಕಿವಿಗೆ ಹಾಕುವ "ಗಂಡಾಗಲಿ" ಎಂಬ ಮಾತೂ ಅದಕ್ಕೆ ನೀರೆರೆಯುತ್ತದೆ ಎಂದೇ ನಾನು ನಂಬಿದ್ದೇನೆ.

ಬಣ್ಣದ ಮಾತೂ ಇದರ ಜೊತೆಗೇ ಬರುತ್ತದೆ. ಬಸುರಿನಲ್ಲಿ ಹಾರ್ಮೋನುಗಳ ಏರಿಕೆಯಿಂದ ಕೆನ್ನೆ, ಹಣೆ, ಕುತ್ತಿಗೆ ಕಪ್ಪಾಗುವುದು, ಬಂಗು ಕಾಣಿಸಿಕೊಳ್ಳುವುದು ಸಹಜ. ಹಾಲಿಗೆ ಕೇಸರಿ ಹಾಕಿ ಕುಡಿದರೆ ಮಗು ಬೆಳ್ಳಗಾಗುತ್ತದೆ ಎಂದು ಪರಿಚಯವೇ ಇಲ್ಲದವರು ನನಗೆ ಉಪದೇಶಿಸಿದ್ದಾರೆ. ನಮ್ಮ ದೇಶದ ಬಸುರಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆಯಿದೆ. ಕಬ್ಬಿಣದ ಮಾತ್ರೆ ನುಂಗುತ್ತಿದ್ದೀಯಾ ಎಂದು ಅವರಲ್ಲಿ ಒಬ್ಬರೂ ಕೇಳಲಿಲ್ಲ.

ಬೇಡವೆಂದು ಹೇಳುವುದು ಹೇಗೆ ಎಂಬುದರಲ್ಲಿ ನಾನು ಕಂಡುಕೊಂಡ ಒಂದು ಸಂಗತಿ ಇಂದಿಗೂ ನನ್ನನ್ನು ಬಾಧಿಸುತ್ತದೆ. "ದಯವಿಟ್ಟು ಮುಟ್ಟಬೇಡಿ, ನನಗೆ ಹಿಡಿಸೋದಿಲ್ಲ" ಎಂದು ನಾನು ಮೆಲ್ಲಗೆ, ನಗುಮುಖದಿಂದಲೇ ಹೇಳಿದಾಗಲೂ ಎದುರಿಗಿದ್ದವರ ಮುಖ ಕಪ್ಪಿಡುತ್ತಿತ್ತು. "ನಾವೇನು ಹೊರಗಿನವರಾ?", "ಓದಿದ ಹುಡುಗಿಯರೇ ಹೀಗೆ", "ಏನೋ ಪ್ರೀತಿಗೆ ಮುಟ್ಟಿದ್ರೆ ಇಷ್ಟೊಂದಾ?" ಎಂಬ ಮಾತುಗಳು ಬರುತ್ತಿದ್ದವು. ಅದೇ ಜನರಿಗೆ, "ದೃಷ್ಟಿಯಾಗುತ್ತೆ, ಯಾರೂ ಮುಟ್ಟಬಾರದು ಅಂತ ಅಮ್ಮ ಹೇಳಿದಾರೆ" ಎಂದರೆ ತಟ್ಟನೆ ಕೈ ಹಿಂದೆ ಸರಿಯುತ್ತಿತ್ತು. "ಹೌದಮ್ಮ, ಹಿರಿಯರು ಹೇಳಿದ್ದು ಸರಿ" ಎಂದು ಅವರೇ ನನ್ನನ್ನು ಸಮರ್ಥಿಸುತ್ತಿದ್ದರು. ದೃಷ್ಟಿಗೆ ಮರ್ಯಾದೆಯಿದೆ, ಅಮ್ಮನ ಮಾತಿಗೆ ಮರ್ಯಾದೆಯಿದೆ, ಡಾಕ್ಟರು ಬೇಡವೆಂದಿದ್ದಾರೆ ಎಂಬುದಕ್ಕೂ ಮರ್ಯಾದೆಯಿದೆ. ಆ ಹೊಟ್ಟೆಯನ್ನು ಹೊತ್ತವಳು ತನಗೆ ಬೇಡವೆಂದರೆ ಮಾತ್ರ ಅದು ಸೊಕ್ಕಿನ ಮಾತಾಗುತ್ತದೆ. ನನ್ನ ಅಮ್ಮನಿಗೆ ದೃಷ್ಟಿಯಲ್ಲಿ ನಂಬಿಕೆಯಿದೆ, ಮೆಣಸಿನಕಾಯಿ ಉಪ್ಪು ನೀವಾಳಿಸಿ ಒಲೆಗೆ ಹಾಕುವಾಗ ನಾನೂ ಸುಮ್ಮನೆ ಕೂರುತ್ತೇನೆ, ಅದರಲ್ಲಿ ಅವರ ಪ್ರೀತಿಯಿದೆ. ಆದರೆ ಎಲ್ಲ ಹೆಂಗಸರೂ ಪ್ರತಿ ಸಲವೂ ಹಿರಿಯರ ಹೆಸರಿನ ಹಿಂದೆ ನಿಂತೇ ತಮ್ಮ ದೇಹವನ್ನು ಕಾಯ್ದುಕೊಳ್ಳಬೇಕಾಗಿ ಬರುವುದು ನ್ಯಾಯವಲ್ಲ.

ಈ ವಿಷಯದಲ್ಲಿ ನನ್ನ ಕೈ ಹಿಡಿದವರು ನಮ್ಮ ಅತ್ತೆ. ಸಂಬಂಧಿಕರ ಮದುವೆಯಲ್ಲಿ ಊಟದ ಪಂಕ್ತಿಗೆ ಕಾಯುತ್ತಿದ್ದಾಗ ಯಾರೋ ನನ್ನ ಹೊಟ್ಟೆಯತ್ತ ಕೈ ಚಾಚಿದರು. ಅತ್ತೆ ನಡುವೆ ತಮ್ಮ ಕೈ ತಂದು, ಆ ಹೆಂಗಸಿನ ಅಂಗೈಯನ್ನು ಮೃದುವಾಗಿ ತಮ್ಮ ಕೈಯೊಳಗೆ ಹಿಡಿದುಕೊಂಡು, "ಬೇಡ ಕಣ್ರೀ, ಅವಳಿಗೆ ಹಿಂಸೆಯಾಗುತ್ತೆ. ಬನ್ನಿ, ಊಟಕ್ಕೆ ಕೂರೋಣ" ಎಂದರು. ದೃಷ್ಟಿ ಎನ್ನಲಿಲ್ಲ, ಡಾಕ್ಟರು ಎನ್ನಲಿಲ್ಲ. ಅವಳಿಗೆ ಹಿಂಸೆಯಾಗುತ್ತದೆ ಎಂಬುದೇ ಸಾಕಷ್ಟು ಕಾರಣವೆಂಬಂತೆ ಹೇಳಿದರು. ಆ ಹೆಂಗಸು ಬೇಸರಪಟ್ಟುಕೊಳ್ಳಲೂ ಇಲ್ಲ. ಬಸುರಿಯ ಪಕ್ಕದಲ್ಲಿ ಇರುವ ಗಂಡ, ಅತ್ತೆ, ಅಕ್ಕ, ಗೆಳತಿ ಯಾರೇ ಆಗಲಿ, ಈ ಒಂದು ಮಾತನ್ನು ಅವಳ ಪರವಾಗಿ ಆಡಿದರೆ ಅವಳ ಮೇಲಿನ ಭಾರ ಎಷ್ಟೋ ಇಳಿಯುತ್ತದೆ.

ಬಸ್ಸಿನ ನೂಕುನುಗ್ಗಲಿನಲ್ಲಿ ಬೇಕೆಂದೇ ಮೈಸೋಕುವ ಗಂಡಸರ ಮಾತನ್ನು ನಾನು ಇದರೊಂದಿಗೆ ಬೆರೆಸುತ್ತಿಲ್ಲ. ಅದು ಲೈಂಗಿಕ ಕಿರುಕುಳ, ಅದಕ್ಕೆ ಕಾನೂನಿದೆ, ಬಸುರಿಯೆಂಬ ಕಾರಣಕ್ಕೆ ಅದು ನಿಂತುಹೋಗುವುದೂ ಇಲ್ಲ. ಅಂಥ ಹೊತ್ತಿನಲ್ಲಿ ಕಂಡಕ್ಟರಿಗೆ ಜೋರಾಗಿ ಹೇಳಬೇಕು, ಪಕ್ಕದವರು ದನಿಗೂಡಿಸಬೇಕು.

ಜನರಿಂದ ನನಗೆ ಸಿಕ್ಕ ಒಳ್ಳೆಯದನ್ನೂ ಹೇಳಬೇಕು. ಮೆಟ್ರೋದಲ್ಲಿ ಕಾಲೇಜಿನ ಹುಡುಗಿಯೊಬ್ಬಳು ನನ್ನನ್ನು ಕಂಡ ಕೂಡಲೇ ಎದ್ದು, "ಕೂತ್ಕೊಳ್ಳಿ ಅಕ್ಕ" ಎಂದು ತಾನು ಬಾಗಿಲ ಬಳಿ ಹೋಗಿ ನಿಂತಳು. ಎಷ್ಟು ತಿಂಗಳೆಂದು ಕೇಳಲಿಲ್ಲ, ಹೊಟ್ಟೆಯನ್ನು ದಿಟ್ಟಿಸಲಿಲ್ಲ. ಹಣ್ಣಿನ ಗಾಡಿಯವರೊಬ್ಬರು ನಾನು ಚೀಲ ಎತ್ತಲು ಬಾಗಿದಾಗ, "ಇರಿ ಅಮ್ಮ, ನಾನು ಆಟೋಕ್ಕೆ ಇಟ್ಟುಕೊಡ್ತೀನಿ" ಎಂದರು. ಬಸುರಿಗೆ ಬೇಕಾಗಿರುವುದು ಇಂಥವು: ಕೂರಲು ಜಾಗ, ಕುಡಿಯಲು ನೀರು, ಶೌಚಾಲಯ ಎಲ್ಲಿದೆ ಎಂಬ ಮಾಹಿತಿ, ಮೆಟ್ಟಿಲು ಹತ್ತುವಾಗ ಅವಸರಪಡಿಸದಿರುವುದು. ಕುತೂಹಲವನ್ನು ತಡೆಯಲಾರದವರು "ಹುಷಾರಾಗಿದ್ದೀರಾ?" ಎಂದು ಕೇಳಬಹುದು. ಮಾತನಾಡಲು ಮನಸ್ಸಿದ್ದವಳು ಆ ಒಂದು ಪ್ರಶ್ನೆಗೆ ಮನೆಯ ಕಥೆಯನ್ನೆಲ್ಲ ಹೇಳಿಯಾಳು, ಮನಸ್ಸಿಲ್ಲದವಳು ಹೂಂ ಎಂದು ಸುಮ್ಮನಾದಾಳು.

ಮುಟ್ಟುವುದೇ ಬೇಡ, ಮಾತನಾಡುವುದೇ ಬೇಡ ಎಂದಾದರೆ ನಗರದ ಬದುಕು ಇನ್ನಷ್ಟು ಒಣಗಿಹೋಗುವುದಿಲ್ಲವೇ ಎಂದು ಗೆಳತಿಯೊಬ್ಬಳು ನನ್ನನ್ನು ಕೇಳಿದ್ದಾಳೆ. ನನ್ನ ಸೀಮಂತದ ದಿನವನ್ನು ನೆನೆದರೆ ನನಗೆ ಆ ಭಯವಾಗುವುದಿಲ್ಲ. ಅಂದು ನನ್ನನ್ನು ಎಷ್ಟೋ ಕೈಗಳು ಮುಟ್ಟಿದವು. ಹಸಿರು ಬಳೆ ತೊಡಿಸಿದರು, ಕೆನ್ನೆಗೆ ಅರಿಶಿನ ಹಚ್ಚಿದರು, ಮುಡಿಗೆ ಹೂವಿಟ್ಟರು, ಮಡಿಲಿಗೆ ಅಕ್ಕಿ, ಕೊಬ್ಬರಿ, ವೀಳ್ಯದೆಲೆ ತುಂಬಿದರು. ಉತ್ತರ ಕರ್ನಾಟಕದ ಕಡೆಯವರು ಇದನ್ನೇ ಕುಬಸವೆಂದು, ಉಡಿ ತುಂಬುವುದೆಂದು ಮಾಡುತ್ತಾರೆ. ನಾನು ಆ ಮಣೆಯ ಮೇಲೆ ಒಪ್ಪಿ ಕುಳಿತಿದ್ದೆ. ಬಂದವರನ್ನು ನಾವೇ ಕರೆದಿದ್ದೆವು. ಒಬ್ಬೊಬ್ಬರೂ ನನ್ನ ಮುಖ ನೋಡಿ, ಹೆಸರು ಹಿಡಿದು ಕರೆದು, ಆಮೇಲೆ ಮುಟ್ಟಿದರು. ಆ ಸ್ಪರ್ಶಗಳಲ್ಲಿ ಒಂದೂ ನನಗೆ ಭಾರವೆನಿಸಲಿಲ್ಲ, ನನ್ನ ಕಣ್ಣು ತುಂಬಿಬಂದದ್ದು ಸಂತೋಷದಿಂದಲೇ. ಅಂಗಡಿಯ ಮುಂದೆ ಹಿಂದಿನಿಂದ ಬಂದು ಹೊಟ್ಟೆ ಸವರುವವರಿಗೆ ನಾನು ಯಾರೆಂಬುದೇ ಬೇಕಿರುವುದಿಲ್ಲ.

ಹೆರಿಗೆಯಾದ ಮೇಲೂ ಇದು ಮುಗಿಯುವುದಿಲ್ಲ. ಗರ್ಭಕೋಶ ತನ್ನ ಮೊದಲಿನ ಗಾತ್ರಕ್ಕೆ ಬರಲು ಸುಮಾರು ಆರು ವಾರ ಬೇಕು. ಅಷ್ಟರೊಳಗೇ "ಹೊಟ್ಟೆ ಇನ್ನೂ ಇಳಿದಿಲ್ವಾ? ಸರಿಯಾಗಿ ಬಟ್ಟೆ ಕಟ್ಟಿಲ್ವಾ?" ಎಂಬುದು ಶುರುವಾಗುತ್ತದೆ. "ನಾರ್ಮಲ್ಲಾ, ಸಿಸೇರಿಯನ್ನಾ?" ಎಂದು ಕೇಳಿ, ಸಿಸೇರಿಯನ್ ಎಂದ ಕೂಡಲೇ ನಿಟ್ಟುಸಿರು ಬಿಡುವವರಿದ್ದಾರೆ. ಹಾಲು ಸಾಕಾಗುತ್ತದೆಯೇ ಎಂದು ಗಂಡಸರ ಎದುರಿನಲ್ಲಿಯೇ ವಿಚಾರಿಸುವವರೂ ಇದ್ದಾರೆ. ಹೊಟ್ಟೆಯನ್ನು ಸವರುತ್ತಿದ್ದ ಕೈಗಳು ಈಗ ಮಗುವಿನ ಕೆನ್ನೆಗೆ ಬರುತ್ತವೆ. ಅಲ್ಲಿ ಸೋಂಕಿನ ಅಪಾಯವೂ ಸೇರಿಕೊಳ್ಳುತ್ತದೆ.

ಪ್ರತಿ ತಿಂಗಳ 9ನೆಯ ತಾರೀಖಿನಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ, ಕೇಂದ್ರದ ಈ ಕಾರ್ಯಕ್ರಮ 2016ರಿಂದ ಇದೆ. ಅಂದು ಬಸುರಿಯೊಬ್ಬಳೇ ಬರುವುದು ಕಡಿಮೆ. ಅತ್ತೆ, ಅಮ್ಮ, ನಾದಿನಿ, ಗಂಡ ಯಾರಾದರೂ ಜೊತೆಗೆ ಬಂದು ಹೊರಗಿನ ಬೆಂಚುಗಳ ಮೇಲೆ ಗಂಟೆಗಟ್ಟಲೆ ಕಾಯುತ್ತಾರೆ. ಏನು ತಿನ್ನಿಸಬೇಕು, ಯಾವ ಮಾತ್ರೆ ಕೊಡಬೇಕು, ಯಾವ ಲಕ್ಷಣ ಕಂಡರೆ ಕೂಡಲೇ ಕರೆತರಬೇಕು ಎಂದು ಆಶಾ ಕಾರ್ಯಕರ್ತೆಯರು ಅವರಿಗೆ ತಿಳಿಸುತ್ತಾರೆ. ಆ ಹತ್ತು ನಿಮಿಷದ ಮಾತಿನಲ್ಲಿ ಇನ್ನೆರಡನ್ನು ಸೇರಿಸಬಹುದೆಂದು ನನ್ನ ಕೋರಿಕೆ: ಅವಳನ್ನು ಕೇಳದೆ ಹೊಟ್ಟೆ ಮುಟ್ಟಬೇಡಿ, ಮುಟ್ಟಲು ಬರುವವರನ್ನು ನೀವೇ ತಡೆಯಿರಿ, ಹೊಟ್ಟೆ ನೋಡಿ ಗಂಡು ಹೆಣ್ಣು ಎನ್ನಬೇಡಿ, ಎನ್ನುವವರಿಗೆ ಗೋಡೆಯ ಮೇಲಿನ ಆ ಫಲಕವನ್ನು ತೋರಿಸಿ. ನಮ್ಮ ಬಡಾವಣೆಯ ಆಶಾ ಕಾರ್ಯಕರ್ತೆಗೆ ಇದನ್ನು ಹೇಳಿದ್ದೇನೆ. ಮುಂದಿನ 9ರಂದು ಹೇಳಿ ನೋಡುತ್ತೇನೆ ಎಂದು ಅವರು ಒಪ್ಪಿದ್ದಾರೆ.